ಹೇರು ಇಳಿಸುವ ಕೈ

‘ಮೈದಡವು’ ಎಂಬ ಕನ್ನಡದ ಮಾತಿಗೆ ಎರಡು ಮುಖಗಳಿವೆ. ಅಳುವ ಮಗುವಿನ ಬೆನ್ನ ಮೇಲೆ ಕೈಯಾಡಿಸಿ ಸಂತೈಸುವುದು ಮೈದಡವುವುದು. ಒಲ್ಲೆನೆನ್ನುವವರನ್ನು ಪುಸಲಾಯಿಸಿ, ನಮಗೆ ಬೇಕಾದ ಕೆಲಸವನ್ನು ಅವರಿಂದ ತೆಗೆಸಿಕೊಳ್ಳುವುದೂ ಮೈದಡವುವುದೇ. ಎರಡರಲ್ಲೂ ಕೈ ಆಡುವ ರೀತಿ ಒಂದೇ, ಬೆಚ್ಚಗೆ, ನಿಧಾನವಾಗಿ. ಬೇರೆಯಾಗಿರುವುದು ಕೈಯ ಹಿಂದಿನ ಉದ್ದೇಶ. ಮನುಷ್ಯರ ನಡುವೆಯಾದರೆ ಇವತ್ತಲ್ಲ ನಾಳೆ ಈ ವ್ಯತ್ಯಾಸ ಹೊರಬೀಳುತ್ತದೆ. ‘ಏನು ಇವತ್ತು ಬಹಳ ಪ್ರೀತಿ, ಏನಾದರೂ ಕೆಲಸ ಇತ್ತೇನು?’ ಎಂದು ಕೇಳುವ ಬಾಯಿ ನಮಗಿದೆ. ಬಾಯಿಲ್ಲದ ಪ್ರಾಣಿಯ ಮೈಮೇಲೆ ಕೈಯಿಟ್ಟಾಗ ಆ ಪ್ರಶ್ನೆಯನ್ನು ಕೇಳುವವರು ಯಾರು? ಆ ಕೈ ಯಾರ ಪರವಾಗಿದೆ?

ಈ ಪ್ರಶ್ನೆ ನನ್ನ ತಲೆ ಹೊಕ್ಕಿದ್ದು ಕುದುರೆಗಳ ಅಂಗಮರ್ದನದ ಬಗ್ಗೆ ಓದುವಾಗ. ಯುರೋಪು, ಅಮೆರಿಕಗಳಲ್ಲಿ ಸವಾರಿಯ ಮತ್ತು ಪಂದ್ಯದ ಕುದುರೆಗಳಿಗೆ ‘ಮಯೋಫೇಶಿಯಲ್’ ಎಂಬ ಒಂದು ಬಗೆಯ ಮೃದು ಹಸ್ತೋಪಚಾರ ಮಾಡುವವರಿದ್ದಾರೆ. ‘ಮಯೋ’ ಅಂದರೆ ಸ್ನಾಯು. ‘ಫೇಶಿಯಾ’ ಏನೆಂದು ತಿಳಿಯಲು ಪಠ್ಯಪುಸ್ತಕ ಬೇಕಿಲ್ಲ. ಕುರಿ ಸುಲಿಯುವುದನ್ನು ಕಂಡವರಿಗೆಲ್ಲ ಅದು ಗೊತ್ತು. ಚರ್ಮಕ್ಕೂ ಮಾಂಸಕ್ಕೂ ನಡುವೆ, ಮಾಂಸದ ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಅಂಟಿಕೊಂಡಿರುವ ಬಿಳಿಯ ತೆಳು ಪೊರೆ ಅದು. ತಲೆಯಿಂದ ಗೊರಸಿನವರೆಗೆ ಇಡೀ ದೇಹವನ್ನು ಒಂದೇ ಬಟ್ಟೆಯಂತೆ ಸುತ್ತಿಕೊಂಡಿರುತ್ತದೆ. ಒಂದು ಕಡೆ ಬಿಗಿದರೆ ಇನ್ನೆಲ್ಲೋ ಸೆಳೆತ ಕಾಣಿಸುತ್ತದೆ ಎಂಬುದು ಈ ಉಪಚಾರದವರ ನಂಬಿಕೆ. ಅವರು ಹಿಸುಕುವುದಿಲ್ಲ, ಗುದ್ದುವುದಿಲ್ಲ. ಕುದುರೆಯ ಕುತ್ತಿಗೆಯ ಮೇಲೋ ಬೆನ್ನಿನ ಮೇಲೋ ಹಗುರವಾಗಿ ಅಂಗೈ ಇಟ್ಟು ಕಾಯುತ್ತಾರೆ. ಕಣ್ಣು ಮಿಟುಕಿತೇ, ತುಟಿ ಅದುರಿತೇ, ತಲೆ ತಗ್ಗಿತೇ, ಆಕಳಿಸಿತೇ ಎಂದು ನೋಡುತ್ತ ಕೈಯನ್ನು ಮುಂದಕ್ಕೆ ಸರಿಸುತ್ತಾರೆ. ಲಿಂಡಾ ಟೆಲಿಂಗ್ಟನ್-ಜೋನ್ಸ್ ಎಂಬಾಕೆ 1970ರ ದಶಕದಲ್ಲಿ ಮೋಶೆ ಫೆಲ್ಡನ್‌ಕ್ರೈಸ್ ಎಂಬ ದೇಹಶಿಕ್ಷಕರ ಬಳಿ ಮನುಷ್ಯರಿಗಾಗಿ ಇದ್ದ ವಿದ್ಯೆ ಕಲಿತು, ಅದನ್ನು ಕುದುರೆಗಳಿಗೆ ಹೊಂದಿಸಿದ್ದು ಈ ದಾರಿಯ ಪ್ರಸಿದ್ಧ ಹೆಜ್ಜೆಗಳಲ್ಲಿ ಒಂದು.

ಆ ಕೈ ನಿಜಕ್ಕೂ ಏನು ಮಾಡುತ್ತದೆ ಎಂಬುದರ ಬಗ್ಗೆ ವಾದವಿದೆ. 2008ರಲ್ಲಿ ಪ್ರಕಟವಾದ ಒಂದು ಗಣಿತೀಯ ಅಧ್ಯಯನವು ಮನುಷ್ಯರ ತೊಡೆಯ ಮತ್ತು ಅಂಗಾಲಿನ ದಪ್ಪ ಫೇಶಿಯಾವನ್ನು ಕೊಂಚವಾದರೂ ಹಿಗ್ಗಿಸಲು ಕೈಯಿಂದ ಹಾಕಬಹುದಾದ ಬಲ ಸಾಲದು ಎಂಬ ತೀರ್ಮಾನಕ್ಕೆ ಬಂತು. ಹಾಗಾದರೆ ಹಗುರವಾದ ಅಂಗೈಯ ಕೆಳಗೆ ಕುದುರೆಯ ಬಿಗಿತ ಸಡಿಲುವುದು ಹೇಗೆ? ನರಮಂಡಲದ ಮೂಲಕ ಇರಬೇಕು ಎನ್ನುತ್ತಾರೆ. ಅದಕ್ಕೆ ಪೂರಕವಾದ ಒಂದು ಪ್ರಯೋಗವಿದೆ. ಕುದುರೆಗಳು ಜೋಡಿಯಾಗಿ ನಿಂತು ಒಂದು ಇನ್ನೊಂದರ ಕುತ್ತಿಗೆಯ ಬುಡವನ್ನು ಹಲ್ಲಿನಿಂದ ಮೆಲ್ಲಗೆ ಕೆರೆಯುವುದುಂಟು. 1993ರಲ್ಲಿ ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆದ ಅಧ್ಯಯನದಲ್ಲಿ, ಅದೇ ಜಾಗವನ್ನು ಮನುಷ್ಯರು ಕೈಯಿಂದ ಕೆರೆದಾಗ ಎದೆಬಡಿತ ಇಳಿಯಿತು. ಬೇರೆ ಜಾಗದಲ್ಲಿ ಕೆರೆದಾಗ ಹಾಗಾಗಲಿಲ್ಲ. 2008ರಲ್ಲಿ ವಿಯೆನ್ನಾದ ಸಂಶೋಧಕರು ಹಸುಗಳ ಗಂಟಲ ಕೆಳಗೆ, ಅಂದರೆ ಅವು ಪರಸ್ಪರ ನೆಕ್ಕಿಕೊಳ್ಳುವ ಜಾಗದಲ್ಲಿ, ಸವರಿದಾಗ ಅವು ಕುತ್ತಿಗೆ ಚಾಚಿ ಕಿವಿ ಇಳಿಬಿಟ್ಟು ನಿಂತವು. ಗಂಗೆದೊಗಲು ಸವರಿದರೆ ಆಕಳು ಕೊರಳೆತ್ತಿ ನಿಲ್ಲುತ್ತದೆಂಬುದನ್ನು ನಮ್ಮ ಹಟ್ಟಿಗಳಲ್ಲಿ ಯಾರೂ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಆದರೂ ಈ ಅಧ್ಯಯನಗಳಿಂದ ಒಂದು ವಿಷಯ ಖಚಿತವಾಗುತ್ತದೆ. ಕೈ ಆ ಮೈಯನ್ನು ಮಣ್ಣಿನಂತೆ ನಾದಿ ಸರಿಮಾಡುವುದಿಲ್ಲ. ಕೈ ಕೇಳುತ್ತದೆ, ಮೈ ಬಿಟ್ಟುಕೊಡುತ್ತದೆ. ಬಿಟ್ಟುಕೊಡದೆಯೂ ಇರಬಹುದು. ಇದು ದುರಸ್ತಿಗಿಂತ ಮಾತುಕತೆಗೆ ಹತ್ತಿರವಾದದ್ದು.

ಮಾತುಕತೆ ಎಂದ ಕೂಡಲೇ ನೀತಿಯ ಪ್ರಶ್ನೆ ಬರುತ್ತದೆ. ಕಲ್ಲನ್ನು ಕೇಳಿ ಉತ್ತರ ಪಡೆದವರಿಲ್ಲ, ಹಾಗಾಗಿ ಕಲ್ಲಿಗೆ ನಾವು ಏನೂ ಬಾಕಿಯಿಲ್ಲ. ಉತ್ತರ ಕೊಡಬಲ್ಲ ಜೀವವನ್ನು ಕೇಳಿದ ಮೇಲೆ ಆ ಉತ್ತರವನ್ನು ಏನು ಮಾಡಬೇಕು?

ಕುದುರೆಯ ಮೈ ಎಷ್ಟು ಸೂಕ್ಷ್ಮವೆಂದರೆ ಬೆನ್ನ ಮೇಲೆ ಒಂದು ನೊಣ ಕೂತರೂ ಆ ಜಾಗದ ಚರ್ಮವನ್ನಷ್ಟೇ ನಡುಗಿಸಿ ಓಡಿಸಬಲ್ಲದು. ಅದಕ್ಕೆಂದೇ ಚರ್ಮದಡಿ ಒಂದು ತೆಳು ಸ್ನಾಯುವಿದೆ. ನಮ್ಮ ಹಾಗೆ ಕುದುರೆಗೆ ಕೊರಳೆಲುಬಿಲ್ಲ. ಮುಂಗಾಲುಗಳು ಎಲುಬಿನ ಕೀಲಿನಿಂದಲ್ಲ, ಸ್ನಾಯು ಮತ್ತು ಪೊರೆಗಳ ಜೋಳಿಗೆಯಿಂದ ಮುಂಡಕ್ಕೆ ಕಟ್ಟಿಕೊಂಡಿವೆ. ಮೈಯ ತೂಕದ ಸುಮಾರು 60 ಭಾಗ ಬೀಳುವುದು ಆ ಮುಂಗಾಲುಗಳ ಮೇಲೆ. ಬೆನ್ನ ಮೇಲಿನ ಹೇರಾಗಲಿ ಸವಾರನಾಗಲಿ ಕೂರುವುದು ಈ ಜೋಳಿಗೆಯ ಮೇಲೆ ತೂಗುವ ಒಂದು ಜೀವದ ಮೇಲೆ. ಇಷ್ಟು ಸೂಕ್ಷ್ಮವಾದ ಪ್ರಾಣಿ ನೋವನ್ನು ಮಾತ್ರ ಮುಚ್ಚಿಡುತ್ತದೆ. ಬೇಟೆಗೆ ಬೀಳುವ ಕುಲದಲ್ಲಿ ಕುಂಟಿದ್ದು ಮೊದಲು ಹುಲಿಯ ಕಣ್ಣಿಗೆ ಬೀಳುತ್ತದೆ. ಹಾಗಾಗಿ 2014ರಲ್ಲಿ ಸಂಶೋಧಕರು ಕುದುರೆಯ ಮುಖ ನೋಡಿ ನೋವು ಅಳೆಯುವ ಒಂದು ಮಾಪನವನ್ನೇ ರೂಪಿಸಬೇಕಾಯಿತು: ಕಿವಿ ಹಿಂದಕ್ಕೆ ಬಿಗಿದಿದೆಯೇ, ಕಣ್ಣಿನ ಮೇಲ್ಭಾಗ ಸೆಟೆದಿದೆಯೇ, ದವಡೆ ಕಚ್ಚಿದೆಯೇ ಎಂದು. ಉಪಚಾರದ ವೇಳೆ ಕುದುರೆ ತುಟಿ ನೆಕ್ಕಿ, ಬಾಯಾಡಿಸಿದರೆ ‘ಹಿತವಾಯಿತು’ ಎನ್ನುತ್ತೇವೆ. ಈಕ್ವೆಡಾರಿನ ಕಾಡುಗುದುರೆಗಳನ್ನು ಗಮನಿಸಿದವರು ಈ ಬಾಯಾಡಿಸುವಿಕೆ ಹೆಚ್ಚಾಗಿ ಕಾಣುವುದು ಉದ್ವಿಗ್ನತೆಯಿಂದ ನಿರಾಳತೆಗೆ ಹೊರಳುವ ಹೊತ್ತಿನಲ್ಲಿ ಎಂದಿದ್ದಾರೆ. ಅಂದರೆ ಅದು ಈಗಿನ ನೆಮ್ಮದಿಯನ್ನು ಹೇಳುವುದರ ಜೊತೆಗೆ, ಈವರೆಗೆ ಅದು ಏನನ್ನು ಹಿಡಿದುಕೊಂಡಿತ್ತು ಎಂಬುದನ್ನೂ ಹೇಳುತ್ತದೆ.

ಪಂದ್ಯದ ಕುದುರೆ, ಅದರ ಅಂಗಮರ್ದನ ಎಂದರೆ ನಮ್ಮ ಕಡೆಯವರಿಗೆ ದೂರದ ಮಾತು. ನಾನು ಬೆಳೆದ ಮೋಟೆಬೆನ್ನೂರು ಹಾವೇರಿ–ರಾಣೇಬೆನ್ನೂರಿನ ನಡುವೆ ಹೆದ್ದಾರಿಗೆ ಅಂಟಿಕೊಂಡ ಊರು, ದಂಡಿಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದ ಮೈಲಾರ ಮಹಾದೇವಪ್ಪನವರು ಹುಟ್ಟಿದ ಊರು. ಇಲ್ಲಿ ಕುದುರೆ ಕಾಣುವುದು ಎರಡೇ ಕಡೆ. ಒಂದು, ಮೈಲಾರಲಿಂಗನ ಪಟಗಳಲ್ಲಿ, ದೇವರ ವಾಹನವಾಗಿ. ಇನ್ನೊಂದು, ಸುಗ್ಗಿ ಮುಗಿದ ಹೊಲಗಳಿಗೆ ಕುರಿಹಿಂಡಿನ ಜೊತೆ ಬರುವ ಕುರುಬರ ಬಿಡಾರದಲ್ಲಿ. ಹಾಸಿಗೆ, ಪಾತ್ರೆ, ಬಲೆ, ನಡೆಯಲಾರದ ಮರಿಗಳು, ಒಮ್ಮೊಮ್ಮೆ ಕೂಸು, ಎಲ್ಲವನ್ನೂ ಹೊರುವುದು ಆ ಗಿಡ್ಡ ಕುದುರೆಗಳೇ. ಗೊಬ್ಬರಕ್ಕೆಂದು ನಮ್ಮವರು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಸಂಜೆ ಬಿಡಾರ ಹೂಡುವಾಗ ಮೊದಲು ನಡೆಯುವ ಕೆಲಸ ಕುದುರೆಯ ಹೇರು ಇಳಿಸುವುದು. ಇಳಿಸಿದ್ದೇ ತಡ, ಅದು ಮೈ ಕೊಡವಿ, ನಾಲ್ಕು ಹೆಜ್ಜೆ ನಡೆದು, ಮಂಡಿಯೂರಿ, ಮಣ್ಣಲ್ಲಿ ಹೊರಳುತ್ತದೆ. ಈ ಕಡೆ, ಆ ಕಡೆ, ಮತ್ತೆ ಈ ಕಡೆ.

ಅಂಥದೊಂದು ಬಿಡಾರದ ಹಿರಿಯರೊಬ್ಬರನ್ನು ನಾನು ಕೇಳಿದ್ದೆ, ‘ಕುದುರಿಗೆ ಮೈ ತಿಕ್ಕತೀರೇನ್ರಿ ಕಾಕಾ?’ ಎಂದು. ಅವರು ನಕ್ಕರು. ‘ತಿಕ್ಕೋದೇನ್ ಬಂತು ತಂಗಿ, ಹೇರು ಇಳಿಸಿದ್ರ ಭೂಮಿತಾಯಿನ ತಿಕ್ಕತಾಳ. ನಾವು ನೋಡಿಕೋತ ಕುಂದರತೀವಿ. ಹೊರಳಲಿಲ್ಲ ಅಂದ್ರ, ಒಂದ ಮಗ್ಗಲಿಗೆ ಹೊರಳಿ ಎದ್ದುಬಿಡ್ತು ಅಂದ್ರ, ಅವತ್ತ ಎಲ್ಲೋ ಒತ್ತೇತಿ ಅಂತ ಕೈ ಹಾಕಿ ನೋಡೋದು.’ ಒತ್ತಿದ್ದರೆ? ‘ನಾಳಿ ಆ ಕಡಿ ಭಾರ ತಗದು ನಾವ ಹೊರೋದು. ಮತ್ತೇನ್ ಮಾಡೂದು!’

ಈ ಮಾತಿನಲ್ಲಿ ಒಂದು ಕ್ರಮವಿದೆ. ಮೊದಲು ಹೇರು ಇಳಿಯುತ್ತದೆ. ಆಮೇಲೆ ಪ್ರಾಣಿ ತನ್ನ ಮೈಯನ್ನು ತಾನೇ ನೋಡಿಕೊಳ್ಳುತ್ತದೆ. ಅದು ಆಗದಿದ್ದಾಗ ಮಾತ್ರ ಮನುಷ್ಯನ ಕೈ ಬರುತ್ತದೆ. ಕೊನೆಯದಾಗಿ, ಕೈ ಏನನ್ನು ಕಂಡಿತೋ ಅದು ನಾಳೆಯ ಹೇರನ್ನು ಬದಲಿಸುತ್ತದೆ. ಹಸ್ತೋಪಚಾರದ ಎಲ್ಲ ಪಾಠಗಳಲ್ಲಿ ಮುಖ್ಯವಾಗಬೇಕಾದದ್ದು ಈ ಕೊನೆಯ ಹೆಜ್ಜೆ ಎಂದು ನನಗನ್ನಿಸುತ್ತದೆ.

ಭಾರವನ್ನು ನೀತಿಯ ವಿಷಯವಾಗಿ ನೋಡಿದ ಪರಂಪರೆ ನಮ್ಮಲ್ಲಿದೆ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ 7ನೆಯ ಅಧ್ಯಾಯ ಗೃಹಸ್ಥರ ಅಹಿಂಸಾವ್ರತಕ್ಕೆ ಬರುವ ಐದು ಲೋಪಗಳನ್ನು ಪಟ್ಟಿಮಾಡುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕೊಯ್ಯುವುದು, ಮಿತಿಮೀರಿ ಹೊರಿಸುವುದು, ಅನ್ನನೀರು ತಡೆಯುವುದು. ಕೊಲ್ಲದಿದ್ದರೂ, ಹೊಡೆಯದಿದ್ದರೂ, ಹೇರು ಹೆಚ್ಚಾದರೆ ವ್ರತಕ್ಕೆ ಕುಂದು. ನಮ್ಮ ಕಾಲದ ಕಾನೂನು ಇದನ್ನೇ ಕಿಲೋಗಳಲ್ಲಿ ಹೇಳಿತು. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಬಗ್ಗೆ 1965ರಲ್ಲಿ ಬಂದ ಕೇಂದ್ರದ ನಿಯಮಗಳ ಪ್ರಕಾರ ಗಿಡ್ಡ ಕುದುರೆಯ ಮೇಲೆ 70 ಕಿಲೋ, ಕತ್ತೆಯ ಮೇಲೆ 50 ಕಿಲೋ ಮೀರುವಂತಿಲ್ಲ. ಇನ್ನೊಂದೆಡೆ, ಆರೈಕೆಯ ಪರಂಪರೆಯೂ ಹಳೆಯದು. ಸುಮಾರು ಒಂಬೈನೂರು ವರ್ಷಗಳ ಹಿಂದೆ ಚಾಲುಕ್ಯ ಮನೆತನದ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಮುಂದೆ ಅಭಿನವಚಂದ್ರ ‘ಅಶ್ವಶಾಸ್ತ್ರ’ ಬರೆದ. ಆದರೆ ಅರಸನ ಕಾಲದಲ್ಲಿ ಕುದುರೆ ಸೇನೆಯ ಅಂಗವಾಗಿತ್ತು. ಚೆನ್ನಾಗಿ ಸಾಕಿದ ಕುದುರೆ ಚೆನ್ನಾಗಿ ಯುದ್ಧಕ್ಕೆ ಹೋಗುತ್ತಿತ್ತು. ಭಾರದ ಲೆಕ್ಕ ಪ್ರಾಣಿಯ ಕಡೆಯಿಂದ ಶುರುವಾದರೆ, ಆರೈಕೆಯ ಲೆಕ್ಕ ಎಷ್ಟೋ ಸಲ ಒಡೆಯನ ಕಡೆಯಿಂದ ಶುರುವಾಗುತ್ತದೆ.

ಇದನ್ನು ಇವತ್ತು ನೋಡಬೇಕಿದ್ದರೆ ದೀಪಾವಳಿಯ ಮುಂಚೆ ನಮ್ಮ ಹಳ್ಳಿಗಳಿಗೆ ಬರಬೇಕು. ಹಾವೇರಿ ಸೀಮೆಯ ಕೊಬ್ಬರಿ ಹೋರಿ ಹಬ್ಬ ಎಲ್ಲರಿಗೂ ಗೊತ್ತು. ಕೊಬ್ಬರಿ ಸರ, ಬಲೂನು, ಜೂಲು ಕಟ್ಟಿದ ಹೋರಿ ಜನರ ನಡುವಿನ ಓಣಿಯಲ್ಲಿ ಓಡುತ್ತದೆ. ಹುಡುಗರು ಅದನ್ನು ಹಿಡಿದು ಕೊಬ್ಬರಿ ಹರಿಯಲು ನೋಡುತ್ತಾರೆ. ಕೈಗೆ ಸಿಗದೆ ಪಾರಾದ ಹೋರಿಗೆ ಹೆಸರು, ಬಹುಮಾನ. ಆ ಹೋರಿಯನ್ನು ಸಾಕುವ ರೀತಿ ನೋಡಿದರೆ ಮನಸ್ಸು ತುಂಬುತ್ತದೆ. ಹುರುಳಿ, ಹತ್ತಿಕಾಳು, ಹಿಂಡಿ, ಕೆರೆಯಲ್ಲಿ ಈಜು, ದಿನವೂ ಮೈ ತೊಳೆದು, ಹೆಗಲಿನಿಂದ ತೊಡೆಯವರೆಗೆ ಅಂಗೈಯಿಂದ ತಿಕ್ಕುವುದು. ತಿಕ್ಕುವವನ ಕೈಗೆ ಆ ಮೈಯ ಒಂದೊಂದು ಗಂಟೂ ಗೊತ್ತು. ಮಯೋಫೇಶಿಯಲ್ ಎಂಬ ಶಬ್ದ ಕೇಳದ ಆ ಹುಡುಗ ಯಾವ ವಿದೇಶಿ ಉಪಚಾರಕನಿಗೂ ಕಡಿಮೆಯಿಲ್ಲ. ಮನೆಯ ಮಕ್ಕಳಿಗಿಂತ ಹೆಚ್ಚು ಪ್ರೀತಿ ಎನ್ನುವುದು ಉತ್ಪ್ರೇಕ್ಷೆಯಲ್ಲ.

ಆದರೆ ಈ ಆಟಕ್ಕೆ ಇನ್ನೊಂದು ಹೆಸರಿದೆ: ಹೋರಿ ಬೆದರಿಸುವ ಸ್ಪರ್ಧೆ. ಹೆಸರಿಟ್ಟವರು ಸುಳ್ಳು ಹೇಳಲಿಲ್ಲ. ತಿಂಗಳುಗಟ್ಟಲೆ ಆ ಮೈಯಿಂದ ಹೆದರಿಕೆಯನ್ನು ತೆಗೆದ ಕೈಯೇ ಒಂದು ದಿನ ಅದನ್ನು ಹೆದರಿಕೆಯ ಬಾಯಿಗೆ ಬಿಡುತ್ತದೆ. ಓಡುವ ಹೋರಿಗೂ ಗಾಯ, ನೋಡಲು ನಿಂತವರಿಗೂ ಗಾಯ. ಜೀವ ಹೋದ ಸುದ್ದಿಗಳೂ ಬರುತ್ತವೆ. ಸುಪ್ರೀಂ ಕೋರ್ಟು 2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದಲ್ಲಿ ಇಂಥ ಆಟಗಳನ್ನು ತಡೆಯಿತು. ಕಂಬಳ, ಹೋರಿ ಓಟ, ಗಾಡಿ ಓಟಗಳಿಗಾಗಿ ಕರ್ನಾಟಕ 2017ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಸಂಸ್ಕೃತಿಯೋ ಕ್ರೌರ್ಯವೋ ಎಂಬ ಆ ದೊಡ್ಡ ಜಗಳವನ್ನು ಇಲ್ಲಿ ಬಗೆಹರಿಸುವುದು ನನ್ನ ಉದ್ದೇಶವಲ್ಲ. ನನ್ನ ಪ್ರಶ್ನೆ ಸಣ್ಣದು, ಹಟ್ಟಿಯೊಳಗಿನದು. ಹಬ್ಬದ ಹಿಂದಿನ ರಾತ್ರಿ ಮೈ ತಿಕ್ಕುವಾಗ ಬಲಹೆಗಲ ಹಿಂದೆ ಒಂದು ಗಂಟು ಸಿಕ್ಕಿತು ಎನ್ನೋಣ. ಮುಟ್ಟಿದರೆ ಹೋರಿ ಚರ್ಮ ಅದುರಿಸುತ್ತದೆ, ಕಾಲು ಸರಿಸುತ್ತದೆ. ಎಣ್ಣೆ ಹಚ್ಚಿ, ಮೆಲ್ಲಗೆ ತಿಕ್ಕಿ, ಅದು ನಿರಾಳವಾಗುವಂತೆ ಮಾಡಬಹುದು. ಬೆಳಿಗ್ಗೆ ಅದನ್ನು ಅಖಾಡಕ್ಕೆ ಹೊಡೆದುಕೊಂಡು ಹೋಗಬೇಕೇ?

ಕುದುರೆ ಪಂದ್ಯದವರು ಇದಕ್ಕೆ ಹೋಲುವ ಪ್ರಶ್ನೆಯೊಂದಕ್ಕೆ ನಿಯಮ ಮಾಡಿಕೊಂಡಿದ್ದಾರೆ. ಫಿನೈಲ್‌ಬ್ಯೂಟಜೋನ್ ಎಂಬ ನೋವುನಿವಾರಕ ಕುದುರೆಗಳಿಗೆ ಒಳ್ಳೆಯ ಔಷಧಿ. ಆದರೆ ಅದು ಮೈಯಲ್ಲಿರುವಾಗ ಓಡಿಸುವುದನ್ನು ಬಹುತೇಕ ದೇಶಗಳ ಪಂದ್ಯ ನಿಯಮಗಳು ಒಪ್ಪುವುದಿಲ್ಲ. ನೋವು ತಗ್ಗಿಸುವುದು ತಪ್ಪಲ್ಲ. ನೋವನ್ನು ತಗ್ಗಿಸಿ, ಆ ನೋವು ಬೇಡವೆನ್ನುತ್ತಿದ್ದ ಕೆಲಸಕ್ಕೇ ಅದನ್ನು ಹಚ್ಚುವುದು ತಪ್ಪು. ಮೃದುವಾದ ಕೈಯೂ ಹೀಗೆ ಸೂಜಿಯ ಕೆಲಸ ಮಾಡಬಲ್ಲದು. ಸೂಜಿಯ ಗುರುತು ಮೂತ್ರದಲ್ಲಿ ಸಿಗುತ್ತದೆ. ಕೈಯ ಗುರುತು ಎಲ್ಲೂ ಸಿಗುವುದಿಲ್ಲ. ಅಲ್ಲಿ ಇರುವ ತನಿಖೆ ತಿಕ್ಕಿದವನ ಮನಸ್ಸಿನದು ಮಾತ್ರ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪ ಬರಬಹುದು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಿನವಿಡೀ ಚೀಲ ಹೊತ್ತು ಬರುವ ಹಮಾಲಿಯ ಬೆನ್ನಿಗೆ ರಾತ್ರಿ ಹೆಂಡತಿ ಎಣ್ಣೆ ತಿಕ್ಕುತ್ತಾಳೆ. ಬೆಳಿಗ್ಗೆ ಅವನು ಮತ್ತೆ ಚೀಲ ಹೊರಲು ಹೋಗುತ್ತಾನೆ. ಅವಳ ಕೈಯೂ ಅವನನ್ನು ಅದೇ ನೋವಿಗೆ ಸಜ್ಜುಮಾಡಿತಲ್ಲ, ಹಾಗಾದರೆ ಆ ಪ್ರೀತಿಯೂ ಸುಳ್ಳೇ? ಸುಳ್ಳಲ್ಲ. ಅಲ್ಲಿ ಹೊರುವವನಿಗೆ ಯಾತಕ್ಕಾಗಿ ಹೊರುತ್ತಿದ್ದೇನೆಂದು ಗೊತ್ತು. ‘ಇವತ್ತ ಆಗಂಗಿಲ್ಲ’ ಎನ್ನುವ ಬಾಯಿ ಅವನಿಗಿದೆ, ಬಡತನ ಎಷ್ಟೋ ಸಲ ಆ ಬಾಯಿಯನ್ನು ಮುಚ್ಚಿಸಿದರೂ. ತಿಕ್ಕುವವಳೂ ಅವನೂ ಒಂದೇ ಹೇರಿನ ಕೆಳಗಿದ್ದಾರೆ. ಹೋರಿಗೋ ಕುದುರೆಗೋ ಇದಾವುದೂ ಇಲ್ಲ. ತನ್ನ ಮೈಯನ್ನು ಬಿಟ್ಟರೆ ಅದಕ್ಕೆ ಬೇರೆ ಭಾಷೆಯಿಲ್ಲ, ಆ ಭಾಷೆ ಬಲ್ಲದ್ದು ತಿಕ್ಕುವ ಕೈ ಒಂದೇ. ‘ಆಗಂಗಿಲ್ಲ’ ಎಂಬುದನ್ನು ಕೇಳಿಸಿಕೊಂಡ ಆ ಕೈ ಸುಮ್ಮನಾದರೆ, ಆ ಮಾತು ಲೋಕದಲ್ಲಿ ಎಲ್ಲಿಯೂ ನುಡಿಯಲ್ಪಡಲಿಲ್ಲ ಎಂದೇ ಅರ್ಥ. ಹಾಗಾಗಿ ಮುಟ್ಟಿ ತಿಳಿದವರ ಹೊಣೆ ಮುಟ್ಟದವರ ಹೊಣೆಗಿಂತ ದೊಡ್ಡದು. ದೂರದಿಂದ ನೋಡಿದವನು ‘ನನಗೆ ಗೊತ್ತಿರಲಿಲ್ಲ’ ಎನ್ನಬಹುದು. ಹೆಗಲ ಮೇಲೆ ಕೈಯಿಟ್ಟವನು ಹಾಗೆನ್ನಲು ಬರುವುದಿಲ್ಲ.

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ತನ್ನ ನೀತಿಶಾಸ್ತ್ರದ ಉಪನ್ಯಾಸಗಳಲ್ಲಿ ಪ್ರಾಣಿಗಳ ವಿಷಯಕ್ಕೆ ಬಂದಾಗ, ಪ್ರಾಣಿಯನ್ನು ಹಿಂಸಿಸುವವನ ಮನಸ್ಸು ಮನುಷ್ಯರ ಬಗೆಗೂ ಗಡುಸಾಗುತ್ತದೆ, ಆದ್ದರಿಂದ ಮೃದುವಾಗಿರಬೇಕು ಎಂದು ವಾದಿಸಿದ. ಈ ವಾದದಲ್ಲಿ ಪ್ರಾಣಿ ನಮ್ಮ ಮೃದುತ್ವಕ್ಕೆ ಒಂದು ತಾಲೀಮಿನ ಸಾಧನ. ಅಂಗಮರ್ದನದ ಬಗೆಗಿನ ಇಂದಿನ ಎಷ್ಟೋ ಮಾತುಗಳಲ್ಲೂ ಇದೇ ಧಾಟಿಯಿದೆ: ಕುದುರೆಯ ಜೊತೆಗಿನ ಮೌನ ನಮಗೆ ಶಾಂತಿ ಕೊಡುತ್ತದೆ, ನಮ್ಮನ್ನು ಒಳ್ಳೆಯವರನ್ನಾಗಿ ಮಾಡುತ್ತದೆ. ಕೊಡಬಹುದು, ಮಾಡಬಹುದು. ಆದರೆ ನಮಗೆ ಸಿಕ್ಕ ಶಾಂತಿಯಿಂದ ಕುದುರೆಯ ಬೆನ್ನ ಮೇಲಿನ ಹೇರು ಒಂದು ಕಿಲೋ ಕೂಡ ಕಡಿಮೆಯಾಗಿರುವುದಿಲ್ಲ. ಬೆಂಥಾಮ್ 1789ರಲ್ಲಿ ಕೇಳಿದ ಪ್ರಶ್ನೆ, ಅವು ನೋಯಬಲ್ಲವೇ ಎಂಬುದು, ಪ್ರಾಣಿಯ ಕಡೆಗೆ ಒಂದು ಹೆಜ್ಜೆ ಮುಂದೆ ಬಂತು. ಕೈಯ ಅನುಭವ ಇನ್ನೂ ಒಂದು ಹೆಜ್ಜೆ ಹೋಗುತ್ತದೆ: ಅವು ನೋಯಬಲ್ಲವು ಎಂಬುದಲ್ಲದೆ, ನೋವನ್ನು ನಮಗೆ ಹೇಳಬಲ್ಲವು. ಹೇಳಿದ ಮೇಲೆ ನಾವು ಕೇಳಿದವರಾಗುತ್ತೇವೆ.

‘ಇದೆಲ್ಲ ಉಳ್ಳವರ ನೀತಿ, ಒಂದು ದಿನ ನಡೆಯದಿದ್ದರೆ ಕುರುಬನ ಹಿಂಡಿಗೆ ಮೇವಿಲ್ಲ’ ಎಂದೂ ಹೇಳಬಹುದು. ಆದರೆ ಈ ವಿಷಯದಲ್ಲಿ ನನಗೆ ಕಂಡ ಅತ್ಯಂತ ಸ್ಪಷ್ಟವಾದ ಉತ್ತರ ಬಂದದ್ದು ಆ ಬಿಡಾರದಿಂದಲೇ. ಅವರು ಪಯಣ ನಿಲ್ಲಿಸುವುದಿಲ್ಲ, ಕುದುರೆ ಸಾಕುವುದನ್ನೂ ಬಿಡುವುದಿಲ್ಲ. ಒತ್ತಿದ ಕಡೆಯ ಭಾರವನ್ನು ತಮ್ಮ ಹೆಗಲಿಗೆ ತೆಗೆದುಕೊಳ್ಳುತ್ತಾರೆ. ಪ್ರಾಣಿಯಿಂದ ದುಡಿಸಿಕೊಳ್ಳುವುದೇ ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಅದರ ಮೈ ಹೇಳಿದ್ದಕ್ಕೆ ನಮ್ಮ ಯೋಜನೆಯನ್ನು ಒಂದಿಷ್ಟಾದರೂ ಬದಲಿಸುವ ಅಧಿಕಾರವಿದೆಯೇ ಎಂಬುದೇ ಪರೀಕ್ಷೆ. ಇದ್ದರೆ ಒರಟು ಕೈಯೂ ಕರುಣೆಯ ಕೈಯೇ. ಇಲ್ಲದಿದ್ದರೆ ಎಷ್ಟು ಮೃದುವಾಗಿದ್ದರೂ ಅದು ‘ಮೈದಡವು’ ಎಂಬ ಮಾತಿನ ಎರಡನೆಯ ಅರ್ಥಕ್ಕೇ ಸೇರಿದ್ದು.

ಕುರುಬನಿಗಿಂತ ಹೋರಿಯ ಒಡೆಯನಿಗೆ ಇದು ಒಂದು ರೀತಿಯಲ್ಲಿ ಸುಲಭ, ಇನ್ನೊಂದು ರೀತಿಯಲ್ಲಿ ಕಷ್ಟ. ಒಂದು ಹಬ್ಬ ಬಿಟ್ಟರೆ ಅವನ ಒಲೆಗೆ ಬೆಂಕಿ ತಪ್ಪುವುದಿಲ್ಲ. ಆದರೆ ಊರ ಹುಡುಗರು ಕಾದಿರುತ್ತಾರೆ, ಅಭಿಮಾನಿಗಳು ಬ್ಯಾನರು ಕಟ್ಟಿರುತ್ತಾರೆ, ಹೋರಿಯ ಹೆಸರು ಆಗಲೇ ಪಟ್ಟಿಯಲ್ಲಿರುತ್ತದೆ. ಅಂಥ ದಿನ, ರಾತ್ರಿ ಕೈಗೆ ಸಿಕ್ಕ ಒಂದು ಗಂಟಿಗಾಗಿ ಹೋರಿಯನ್ನು ಹಟ್ಟಿಯಲ್ಲೇ ಕಟ್ಟಿ ಮೇವು ಹಾಕುವವನೂ ನಮ್ಮ ಊರುಗಳಲ್ಲಿ ಇರಬಹುದು. ಮೈಕಿನಲ್ಲಿ ಅವನ ಹೋರಿಯ ಹೆಸರು ಕೂಗುವುದಿಲ್ಲ. ಬೈಕು, ಬಂಗಾರ, ಫ್ರಿಜ್ಜುಗಳ ಬಹುಮಾನದ ಪಟ್ಟಿಯಲ್ಲಿ, ಓಡದೆ ಉಳಿದ ಹೋರಿಗೆಂದು ಯಾರೂ ಏನನ್ನೂ ಇಟ್ಟಿಲ್ಲ. ಅವನು ಬಿಟ್ಟುಕೊಟ್ಟದ್ದೇನು ಎಂದು ಬಲ್ಲದ್ದು ಅವನ ಕೈ, ಮತ್ತು ಆ ಕೈಯಡಿ ಕೊರಳು ಚಾಚಿ ನಿಂತ ಒಂದು ಜೀವ.